ಅರ್ಧ ಲೋಟ ತಂಗಳನ್ನದ ನೀರು

ಕೊಯಮತ್ತೂರು ಪಕ್ಕದ ಪೋತ್ತನೂರಿನ ರೈಲ್ವೆ ಕಾಲೋನಿಲಿ ರುಕ್ಮಿಣಮ್ಮ ಬಾಯಿ ಬಿಟ್ರೆ ಇಲಿ ಆನೆ ಆಗೋದು. ಅವಳ ಮದ್ವೆಗೆ ಬಂದಿದ್ದ ನೂರು ಜನ ಈಗ ಹತ್ತು ಸಾವಿರ ಆಗಿದ್ರು. ಸತ್ತು ಹದಿನೈದು ವರ್ಷ ಆದ ಗಂಡ ವರ್ಷಕ್ಕೊಂದು ಮೊಳ ಬೆಳೀತಾನೇ ಇದ್ದ. ಎಂಟು ವರ್ಷದ ಮೊಮ್ಮಗಳು ಶ್ರೀಜಾಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಆ ಬಾಯಿಗೊಂದು ಕೆಲಸ ಸಿಕ್ತು. ಕೊಯಮತ್ತೂರಿನ ಆಸ್ಪತ್ರೆಲಿ ಮಗು ಕೈಗೆ ಸೂಜಿ ಹಾಕೋವಾಗ ತಾತನ ಕತೆ ಹೇಳೋದು. ತಾತ ಬಾಗಿಲಲ್ಲಿ ಬಗ್ಗದೆ ಬಂದು ಸೂರು ಒಡೆದ ಕತೆ, ತಾತ ಒಂದೇ ಕೈಲಿ ರೈಲು ತಡೆದ ಕತೆ.

ಹುಡುಗಿ ಅಳ್ತಿರ್ಲಿಲ್ಲ. ಎಡಗೈಗೆ ಇವತ್ತು ರಜಾ, ಬಲಗೈಗೆ ಹಾಕಿ ಅಂತ ನರ್ಸಿಗೇ ಆರ್ಡರ್ ಕೊಡೋಳು. ಕೂದಲು ಉದುರಿದಾಗ ರಿಬ್ಬನ್ನೆಲ್ಲಾ ಪಕ್ಕದ ಮಂಚದ ಕೂಸಿಗೆ ಹಂಚಿಬಿಟ್ಳು. ಅವಳಪ್ಪ ಗುರುಪ್ರಸನ್ನನ ಜೊತೆ ವರ್ಕ್‌ಶಾಪಲ್ಲಿ ಕೆಲಸ ಮಾಡೋರು ರಕ್ತ ಕೊಡೋಕೆ ಸರದಿ ಹಾಕ್ಕೊಂಡು ಬರ್ತಿದ್ರು. ಬಂದಿದ್ದು ಒಂಬತ್ತು ಜನ. ರುಕ್ಮಿಣಮ್ಮನ ಲೆಕ್ಕದಲ್ಲಿ ಇಡೀ ಪೋತ್ತನೂರು ಜಂಕ್ಷನ್ನೇ ಬಂದಿತ್ತು, ಆವತ್ತು ಒಂದು ರೈಲೂ ಓಡ್ಲಿಲ್ಲ.

ಮೂರನೇ ಸಲ ಔಷಧಿ ಏರಿಸಿ ಮನೆಗೆ ಕಳಿಸೋವಾಗ ಡಾಕ್ಟ್ರು ಬಿಡಿಸಿ ಬಿಡಿಸಿ ಹೇಳಿದ್ರು. ಮಗುಗೆ ರೋಗ ತಡೆಯೋ ಶಕ್ತಿ ಈಗ ಸೊನ್ನೆ, ಕುದಿಸಿದ್ದು, ಬಿಸಿಬಿಸೀದು ಮಾತ್ರ ಕೊಡಿ, ಹಸೀದು, ಹಳೇದು ಯಾವುದೂ ಬೇಡ ಅಂತ. ಸೊಸೆ ವಿಜಯಕುಮಾರಿ ಅದನ್ನ ತಮಿಳಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ಳು. ಅತ್ತೆಗೆ ಓದೋಕೆ ಬರಲ್ಲ ಅಂತ ಎರಡು ಸಲ ಬಾಯಲ್ಲೂ ಹೇಳಿದ್ಳು. ನಿಮ್ಮ ಕೈಮದ್ದು ಏನಾದ್ರೂ ನಡೆದ್ರೆ ಅವಿನಾಶಿಲಿರೋ ನಿಮ್ಮ ಮಗಳ ಮನೆಗೆ ಕಳಿಸ್ತೀನಿ ಅಂತಾನೂ ಸೇರಿಸಿದ್ಳು.

ಆದ್ರೆ ಮಗು ಬಾಯೊಳಗೆಲ್ಲ ಹುಣ್ಣು. ಗಂಜಿ ಕೂಡ ಇಳೀತಿರ್ಲಿಲ್ಲ. ಇದು ಔಷಧಿ ಸೂಡು, ಉಷ್ಣ ಏರಿ ಒಳಗೆಲ್ಲಾ ಬೇಯ್ತಾ ಇದೆ ಅಂತ ರುಕ್ಮಿಣಮ್ಮಂಗೆ ಅನ್ನಿಸ್ತು. ಸೂಡಿಗೆ ಆ ಮನೇಲಿ ಅರವತ್ತು ವರ್ಷದಿಂದ ಒಂದೇ ಮದ್ದು. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹಾಕಿ ಮಣ್ಣಿನ ಮಡಕೇಲಿ ಇಟ್ಟು, ಬೆಳಗ್ಗೆ ಆ ಹುಳಿನೀರಿಗೆ ಮಜ್ಜಿಗೆ ಬೆರೆಸಿ ಕುಡಿಯೋದು. ಸೊಸೆ ಸ್ಕೂಲಿಗೆ ಪಾಠ ಹೇಳೋಕೆ ಹೋದ ಮೇಲೆ ಅರ್ಧ ಲೋಟ ಕೊಟ್ಳು. ಮಗು ಕಣ್ಮುಚ್ಚಿ ಕುಡೀತು. ವಾರದಿಂದ ನಗದೆ ಇದ್ದಿದ್ದು, ತಣ್ಣಗಿದೆ ಅಜ್ಜಿ ಅಂತ ನಕ್ತು. ಅಮ್ಮಂಗೆ ಹೇಳ್ಬೇಡ ಅಂದ್ಳು ರುಕ್ಮಿಣಮ್ಮ. ಆ ನಗು ನೋಡೋಕೆ ಮಾರನೇ ದಿನಾನೂ ಕೊಟ್ಳು. ಅದರ ಮಾರನೇ ದಿನಾನೂ.

ನಾಲ್ಕನೇ ದಿನ ಬೆಳಗ್ಗೆ ಜ್ವರ ಕಾದ ಕಾವಲಿ ಹಾಗೆ ಏರಿತು. ಆಟೋಲಿ ಹಾಕ್ಕೊಂಡು ಓಡಿದ್ರು.

ಡಾಕ್ಟರ್ ಮೆಲ್ವಿನ್ ಮಂಗಳೂರಿನೋರು, ಇವರ ಜೊತೆ ಕನ್ನಡದಲ್ಲೇ ಮಾತಾಡೋರು. ಹೊಟ್ಟೆ ಕಡೆಯಿಂದ ಬಂದಿರೋ ಸೋಂಕಾದ್ರೆ ಔಷಧಿ ಬೇರೆ ಸೇರಿಸ್ಬೇಕು, ಏನಾದ್ರೂ ಹಳೇದು ತಿಂದ್ಲಾ ಅಂತ ಕೇಳಿದ್ರು. ವಿಜಯಕುಮಾರಿ ದೇವರಾಣೆ ಇಲ್ಲ ಅಂದ್ಳು. ಅವರು ಮಗೂನೇ ಕೇಳಿದ್ರು. ಶ್ರೀಜಾ ಗಡಗಡ ನಡುಗ್ತಾ ಇದ್ಳು. ಒಂದು ಸಲ ಅಜ್ಜಿ ಮುಖ ನೋಡಿದ್ಳು.

"ಇಲ್ಲ ಅಂಕಲ್."

ರುಕ್ಮಿಣಮ್ಮನ ಎದೆ ಮೇಲೆ ಗೂಡ್ಸ್ ಗಾಡಿ ಹತ್ತಿದಂಗಾಯ್ತು. ಸಾವಿರ ಸೂಜಿಗೆ ಅಳದ ಮಗು ಅಜ್ಜಿನ ಉಳಿಸೋಕೆ ಸುಳ್ಳು ಹೇಳ್ತಿದೆ. ಕಲಿಸಿದ್ದು ಯಾರು?

"ಡಾಕ್ಟ್ರೇ, ತಂಗಳನ್ನದ ನೀರು ಕೊಟ್ಟೆ," ಅಂದ್ಳು. "ಒಂದೇ ಒಂದು ಚಮಚ."

ಹುಟ್ಟಿದಾಗಿಂದ ಒಂದನ್ನ ನೂರು ಮಾಡಿದೋಳು ಮೊದಲನೇ ಸಲ ಕಮ್ಮಿ ಮಾಡಿ ಹೇಳಿದ್ಳು. ಅದೇ ನಾಲಿಗೇಲಿ ಮುಳ್ಳಾಗಿ ಚುಚ್ತು.

"ಚಮಚ ಅಲ್ಲ. ಅರ್ಧ ಲೋಟ. ಮೂರು ದಿನ."

ವಿಜಯಕುಮಾರಿ ತಲೆ ಚಚ್ಚಿಕೊಂಡ್ಳು. "ಅತ್ತೆ, ಇಲ್ಲೂನಾ? ಚಮಚ ಅಂದ್ರಿ, ಲೋಟ ಅಂದ್ರಿ, ಇನ್ನೊಂದು ನಿಮಿಷಕ್ಕೆ ಕೊಡ ಅಂತೀರಿ. ಡಾಕ್ಟ್ರೇ, ಇವರು ಯಾವಾಗ್ಲೂ ಹಿಂಗೇ, ಜಾಸ್ತಿ ಮಾಡಿ ಹೇಳ್ತಾರೆ."

ಡಾಕ್ಟ್ರ ಪೆನ್ನು ನಿಂತುಬಿಡ್ತು. ರುಕ್ಮಿಣಮ್ಮ ಮಂಚದ ಕಂಬಿ ಹಿಡ್ಕೊಂಡು ಬಗ್ಗಿದ್ಳು.

"ನೀನೇ ಹೇಳು ನನ್ನ ಕಣ್ಣೇ. ನನ್ನ ಮಾತು ಯಾರೂ ನಂಬಲ್ಲ."

"ನಿಜ ಅಂಕಲ್," ಅಂತು ಮಗು. "ಆದ್ರೆ ನಾನೇ ಕೇಳಿದ್ದು."

"ಅವಳು ಕೇಳ್ಲಿಲ್ಲ," ಅಂದ್ಳು ರುಕ್ಮಿಣಮ್ಮ. "ನಾನೇ ಕೊಟ್ಟಿದ್ದು."

ಜ್ವರ ಇಳಿಯೋಕೆ ಆರು ದಿನ ಬೇಕಾಯ್ತು. ಆ ನೀರಿಂದಲೇ ಬಂತು ಅಂತ ಗಟ್ಟಿಯಾಗಿ ಹೇಳೋಕಾಗಲ್ಲ ಅಂತ ಡಾಕ್ಟ್ರು ಅಂದ್ರು. ಆ ಮಾತನ್ನ ರುಕ್ಮಿಣಮ್ಮ ಕಿವಿಗೆ ಹಾಕ್ಕೊಳ್ಲೇ ಇಲ್ಲ. ವಿಜಯಕುಮಾರಿ ಬೈದಿದ್ರೆ ಎಷ್ಟೋ ಚೆನ್ನಾಗಿತ್ತು, ಅವಳು ಮಾತೇ ಬಿಟ್ಳು. ಮುದುಕಿ ಅವಿನಾಶಿಗೆ ಹೋಗೋಕೆ ಸೀರೆ ಮಡಚಿ ಚೀಲ ಕಟ್ಟಿ, ಮಂಚದ ಹತ್ರ ಹೋಗೋ ಯೋಗ್ಯತೆ ಇಲ್ಲ ಅಂತ ವಾರ್ಡಿನ ಹೊರಗೆ ಬೆಂಚಲ್ಲಿ ಕೂತ್ಳು.

ಏಳನೇ ದಿನ ನರ್ಸ್ ಸೂಜಿ ಟ್ರೇ ತಗೊಂಡು ಒಳಗೆ ಹೋದ್ಳು. ಒಳಗಿಂದ ಸಣ್ಣ ದನಿ ಬಂತು.

"ಅಜ್ಜಿ, ತಾತ ಎಷ್ಟೆತ್ತರ ಇದ್ರು?"

ರುಕ್ಮಿಣಮ್ಮ ಬಾಗಿಲ ತನಕ ಹೋದ್ಳು. "ಕುಳ್ಳು ಕಣಮ್ಮ. ನನ್ನ ಭುಜಕ್ಕೆ ಬರ್ತಿದ್ರು. ಇನ್ಮೇಲೆ ನಿಜಾನೇ ಹೇಳ್ತೀನಿ."

ಮಗು ಮುಖ ಬಾಡಿತು. ಚಾಚಿದ್ದ ಕೈನ ಹಿಂದಕ್ಕೆ ಎಳ್ಕೊಂಡ್ಳು. ನರ್ಸ್ ಸೂಜಿ ಹಿಡ್ಕೊಂಡು ಕಾದ್ಳು. ಮಂಚದ ಪಕ್ಕ ಕೂತಿದ್ದ ವಿಜಯಕುಮಾರಿ ಆರು ದಿನ ಆದ ಮೇಲೆ ಅತ್ತೆ ಕಡೆ ತಿರುಗಿದ್ಳು.

"ಊಟದ ವಿಷಯದಲ್ಲಿ ನಿಜ ಹೇಳಿ ಸಾಕು ಅತ್ತೆ. ಮಾವನ ಕತೆನ ಯಾವಾಗಿನ ಹಾಗೆ ಸರಿಯಾಗಿ ಹೇಳಿ."

ರುಕ್ಮಿಣಮ್ಮ ಒಳಗೆ ಬಂದು ತಲೆ ಎತ್ತಿ ನೋಡಿದ್ಳು.

"ಆ ಫ್ಯಾನ್ ಇದೆಯಲ್ಲ," ಅಂದ್ಳು, "ಅದು ನಿಮ್ಮ ತಾತನ ಮೊಣಕಾಲಿಗೆ ತಾಗೋದು."

ಶ್ರೀಜಾ ಬಲಗೈ ಚಾಚಿದ್ಳು.