ದಡದಲ್ಲಿ ನಿಂತವಳ ಧೈರ್ಯ

ಕಾಲುವೆಗೆ ನೀರು ಬಿಟ್ಟರು ಎಂದರೆ ಉಡುಮಲೈಪೇಟೆ ಸುತ್ತಿನ ಊರುಗಳಿಗೆ ಹಬ್ಬವೇ ಸರಿ. ತೆಂಗಿಗೆ ನೀರು, ದನಕ್ಕೆ ನೀರು, ಮೂಟೆಗಟ್ಟಲೆ ಬಟ್ಟೆ ಒಗೆಯಲು ನೀರು. ಆದರೆ ಆ ನೀರಿನ ಜೊತೆ ಒಂದು ಹಳೆಯ ಕೇಡೂ ಬರುತ್ತದೆ. ಯಾರೋ ಕಾಲು ಜಾರಿ ಬೀಳುತ್ತಾರೆ. ನೋಡಿದವರು ಹಿಂದುಮುಂದು ಯೋಚಿಸದೆ ಹಾರುತ್ತಾರೆ. ಒಂದು ಮನೆಯ ಅಳು ಎರಡು ಮನೆಯದಾಗುತ್ತದೆ.

ತೆನ್ಮೊಳಿಯ ಮನೆಯಲ್ಲಿ ಆದದ್ದೂ ಅದೇ. ಹನ್ನೆರಡು ವರ್ಷದ ಹಿಂದೆ ಅವಳ ಚಿಕ್ಕಪ್ಪ ಕರುಪ್ಪಸಾಮಿ, ನೀರಿಗೆ ಬಿದ್ದ ಗೆಳೆಯನನ್ನು ಹಿಡಿಯಲು ಕಾಲುವೆಗೆ ಹಾರಿದ. ಊರಿಗೇ ಮೊದಲ ಈಜುಗಾರ ಅವನು. ಮಾರನೆಯ ದಿನ ಇಬ್ಬರೂ ತೂಬಿನ ಹತ್ತಿರ ಸಿಕ್ಕರು. ಗೆಳೆಯನ ಎರಡೂ ಕೈ ಚಿಕ್ಕಪ್ಪನ ಕುತ್ತಿಗೆಯನ್ನು ಬಳಸಿಕೊಂಡೇ ಇದ್ದವು.

ಅಂದಿನಿಂದ ಅಜ್ಜಿ ಪಳನಿಯಮ್ಮಾಳ್ ಮಗನ ಪಟಕ್ಕೆ ದಿನವೂ ಹೂವಿಟ್ಟು ಒಂದೇ ಮಾತು ಹೇಳುವಳು. "ನನ್ನ ಮಗ ನಿಂತು ನೋಡ್ದೋನಲ್ಲ. ಹಾರ್ದೋನು."

ಆ ಮಾತು ಕೇಳುತ್ತಲೇ ತೆನ್ಮೊಳಿ ಬೆಳೆದಳು. ಅದಕ್ಕೂ ಮೊದಲು, ಸೊಂಟಕ್ಕೆ ಸೋರೆಬುರುಡೆ ಕಟ್ಟಿ ತೋಟದ ಬಾವಿಯಲ್ಲಿ ಅವಳಿಗೆ ಈಜು ಕಲಿಸಿದವನು ಅದೇ ಚಿಕ್ಕಪ್ಪ. ಇಪ್ಪತ್ತೆರಡಕ್ಕೆ ಪೊಲೀಸ್ ಪರೀಕ್ಷೆ ಬರೆದಳು, ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದಳು, ಕೊಯಮತ್ತೂರಿನ ತರಬೇತಿಗೆ ಆಯ್ಕೆಯಾದಳು. ಆಪತ್ತು ಕಂಡಲ್ಲಿ ಮೊದಲು ಹಾರುವವಳು ತಾನಾಗಬೇಕು, ಅಷ್ಟೇ ಅವಳ ಆಸೆ.

ತರಬೇತಿಯ ಮೊದಲ ದಿನವೇ ಅವಳ ತಲೆಗೆ ಒಂದು ಗಂಟು ಬಿತ್ತು. ಆ ಗಂಟಿನ ಹೆಸರು ಅಭಿನಯಾ.

ತೆನ್ಮೊಳಿ ಸಾಲಿನಲ್ಲೇ ಎತ್ತರ. ಅಭಿನಯಾ ಪೊಲೀಸ್ ಕೆಲಸಕ್ಕೆ ಬೇಕಾದ ಎತ್ತರವನ್ನು ಉಸಿರು ಬಿಗಿಹಿಡಿದು ಮುಟ್ಟಿದವಳು. ತೆನ್ಮೊಳಿ ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಸಿರುಮುಗೈ ಕಡೆಯ ನೇಕಾರರ ಮನೆಯಿಂದ ಬಂದ ಅಭಿನಯಾ ಮಗ್ಗದ ಸದ್ದನ್ನು ಮೀರಿಸಿ ಮಾತಾಡಿ ಬೆಳೆದವಳು, ನಿದ್ದೆಯಲ್ಲೂ ಬಾಯಿ ಮುಚ್ಚುತ್ತಿರಲಿಲ್ಲ. ಇಡೀ ತಂಡದಲ್ಲಿ ಮನೆಮಾತು ಕನ್ನಡವಾಗಿದ್ದವರು ಇವರಿಬ್ಬರೇ. ಅದರಲ್ಲೂ ಹೊಂದಾಣಿಕೆ ಇಲ್ಲ. ನಿನ್ನದು ಏನು ಕನ್ನಡ ಎಂದು ಇವಳು, ನಿನ್ನದು ಯಾವ ಊರ ಕನ್ನಡ ಎಂದು ಅವಳು.

ತರಬೇತಿ ಕೊಡುವ ಸಬ್ ಇನ್‌ಸ್ಪೆಕ್ಟರ್ ಪೆರಿಯನಾಯಕಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ ಜೋಡಿ ಮಾಡಿಬಿಟ್ಟರು. "ಒಬ್ಬಳಿಗೆ ಬಾಯಿಲ್ಲ, ಇನ್ನೊಬ್ಬಳಿಗೆ ಬಾಯಿ ಬಿಟ್ಟರೆ ಬೇರೇನೂ ಇಲ್ಲ. ಸೇರಿದರೆ ಒಂದು ಪೊಲೀಸ್ ಆದೀತು. ಒಬ್ಬಳು ತಡ ಮಾಡಿದರೂ ಇಬ್ಬರೂ ಓಡಬೇಕು."

ಓಡಿದರು, ದಿನವೂ ಓಡಿದರು. ಅಭಿನಯಾ ಬೂಟಿನ ದಾರ ಹುಡುಕುತ್ತಾ ತಡ ಮಾಡಿದರೆ ಮೈದಾನಕ್ಕೆ ನಾಲ್ಕು ಸುತ್ತು. ಅವಳ ಎರಡು ಹೆಜ್ಜೆ ತೆನ್ಮೊಳಿಯ ಒಂದು ಹೆಜ್ಜೆಗೆ ಸಮ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಿತ್ತು ಇವರ ನಡಿಗೆ.

"ಅಕ್ಕಾ, ಸ್ವಲ್ಪ ಮೆಲ್ಲಗೆ ಓಡಿ. ನಾನು ಮನುಷ್ಯಳು, ಮೊಪೆಡ್ ಅಲ್ಲ," ಎನ್ನುವಳು ಅಭಿನಯಾ ಏದುಸಿರಿನಲ್ಲಿ.

"ಬಾಯಿ ಮುಚ್ಚು. ಉಸಿರು ಮಿಕ್ಕುತ್ತೆ."

ಮೂರನೆಯ ತಿಂಗಳಲ್ಲಿ ನೀರಿನ ಪಾಠ ಬಂತು. ತೆನ್ಮೊಳಿಯ ಮುಖ ಅರಳಿತು. ಅಭಿನಯಾ ಈಜುಕೊಳ ನೋಡಿಯೇ ಬೆವೆತಳು. ಅವಳಿಗೆ ಈಜು ಬಾರದು.

"ತೆನ್ಮೊಳಿ, ಇವಳು ಮುಳುಗುತ್ತಿದ್ದಾಳೆ ಅಂದುಕೋ. ಕಾಪಾಡು," ಎಂದರು ಪೆರಿಯನಾಯಕಿ.

ಅಂದುಕೊಳ್ಳುವ ಕೆಲಸವೇ ಇರಲಿಲ್ಲ. ನೀರಿಗಿಳಿದ ಅಭಿನಯಾ ನಿಜವಾಗಿಯೇ ಮುಳುಗತೊಡಗಿದಳು. ತೆನ್ಮೊಳಿ ಹಾರಿದಳು, ನಾಲ್ಕೇ ಸಲ ಕೈ ಬೀಸಿ ಅವಳನ್ನು ಮುಟ್ಟಿದಳು. ಮುಟ್ಟಿದ್ದೇ ತಡ, ಆ ಚಿಕ್ಕ ಕೈಗಳು ಅವಳ ಕುತ್ತಿಗೆಯನ್ನು ಬಿಗಿದವು. ತೆನ್ಮೊಳಿ ಬಿಡಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಕಬಡ್ಡಿಯಲ್ಲಿ ಮೂವರನ್ನು ಎಳೆದುಕೊಂಡು ಬರುವ ತೆನ್ಮೊಳಿಗೆ, ಮೂಟೆ ಅಕ್ಕಿಯಷ್ಟೂ ತೂಗದ ಹುಡುಗಿಯ ಬೆರಳು ಬಿಡಿಸಲಾಗಲಿಲ್ಲ. ಬಾಯಿಗೆ, ಮೂಗಿಗೆ ನೀರು ನುಗ್ಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ.

ಪೆರಿಯನಾಯಕಿ ನೀರಿಗೆ ಇಳಿಯಲೇ ಇಲ್ಲ. ದಡದಲ್ಲಿ ಇಟ್ಟಿದ್ದ ಬಿದಿರಿನ ಗಳು ಎತ್ತಿ ಚಾಚಿದರು. ಅಭಿನಯಾ ಕುತ್ತಿಗೆ ಬಿಟ್ಟು ಗಳು ಹಿಡಿದಳು. ಇಬ್ಬರೂ ಒದ್ದೆ ಕೋಳಿಗಳಂತೆ ಮೇಲೆ ಬಂದರು.

"ನೋಡಿದಿರಲ್ಲ?" ಎಂದರು ಪೆರಿಯನಾಯಕಿ. "ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನೀವು ಹತ್ತಿರ ಹೋದರೆ ನೀವೇ ಆ ಹುಲ್ಲುಕಡ್ಡಿ. ಅವರು ಬೇಕೆಂದು ಎಳೆಯುವುದಿಲ್ಲ, ಜೀವಭಯ ಎಳೆಯುತ್ತದೆ. ಎಂಥ ಈಜುಗಾರನಾದರೂ ಮೊದಲು ಕೂಗಿ ಜನ ಸೇರಿಸಬೇಕು. ಗಳು ಚಾಚಬೇಕು. ಎಟುಕದಿದ್ದರೆ ತೇಲುವ ವಸ್ತುವನ್ನು ಹಗ್ಗಕ್ಕೆ ಕಟ್ಟಿ ಎಸೆಯಬೇಕು. ಬರಿಗೈಯಲ್ಲಿ ಹಾರುವುದು ಧೈರ್ಯವಲ್ಲ, ಇನ್ನೊಂದು ಹೆಣ."

ಆ ಕೊನೆಯ ಮಾತು ತೆನ್ಮೊಳಿಯ ಎದೆಗೆ ನಾಟಿತು. ಮೂರು ದಿನ ಅವಳು ಸಂಜೆ ಒಬ್ಬಳೇ ಮೈದಾನ ಸುತ್ತಿದಳು. ಅಭಿನಯಾ ಆರು ಸಲ ಕ್ಷಮೆ ಕೇಳಿದಳು, ಏಳನೆಯ ಸಲ ಅತ್ತೇಬಿಟ್ಟಳು. ಆಗ ತೆನ್ಮೊಳಿ ಚಿಕ್ಕಪ್ಪನ ಕಥೆ ಹೇಳಿದಳು.

"ಪೆರಿಯನಾಯಕಿ ಅಮ್ಮಾ ಹೇಳಿದ್ದು ಸರಿ ಅಂದ್ರೆ ನಮ್ಮ ಚಿತ್ತಪ್ಪ ದಡ್ಡನಾ? ಸುಮ್ನೆ ಸತ್ತನಾ? ನಮ್ಮ ಅಜ್ಜಿ ಮುಂದೆ ಈ ಮಾತು ಹೇಗೆ ಹೇಳಲಿ?"

ಅಭಿನಯಾ ಕಣ್ಣೊರೆಸಿಕೊಂಡು ಮೆಲ್ಲಗೆ ಅಂದಳು: "ದಡ್ಡ ಅಲ್ಲ ಅಕ್ಕಾ. ಅವರಿಗೆ ಯಾರೂ ಹೇಳಿಕೊಡಲಿಲ್ಲ, ಅಷ್ಟೆ."

ತೆನ್ಮೊಳಿ ಅದನ್ನು ಒಪ್ಪಲಿಲ್ಲ.

ಎರಡು ದಿನದ ರಜೆ ಸಿಕ್ಕಿತು. ತೆನ್ಮೊಳಿಯ ಊರಿನ ತೋಟ ನೋಡಬೇಕೆಂದು ಅಭಿನಯಾಳೂ ಅವಳ ಜೊತೆ ಬಸ್ಸು ಹತ್ತಿದಳು. ಮಾರನೆಯ ಬೆಳಗ್ಗೆ ಎಲ್ಲರೂ ಬಟ್ಟೆ ಒಗೆಯಲು ಕಾಲುವೆಗೆ ಹೋದರು. ತುಂಬು ನೀರು ಸದ್ದಿಲ್ಲದೆ ಓಡುತ್ತಿತ್ತು. ಸಿಮೆಂಟಿನ ಇಳಿಜಾರು ಪಾಚಿ ಕಟ್ಟಿತ್ತು. ಅಭಿನಯಾ ನೀರಿಗೆ ಹೆದರಿ ದೂರದ ಬೇವಿನ ಮರದ ಕೆಳಗೆ ಅಜ್ಜಿಯ ಜೊತೆ ಕುಳಿತು, ಅಜ್ಜಿಗೇ ಮಾತಾಡಲು ಬಿಡದೆ ಮಾತಾಡುತ್ತಿದ್ದಳು.

ಪಕ್ಕದ ಮನೆಯ ಗೋಮತಿಯ ಬಕೆಟ್ಟು ಜಾರಿತು. ಅವಳು ಬಗ್ಗಿ ಕೈ ಚಾಚಿದಳು. ಪಾಚಿಯ ಮೇಲೆ ಕಾಲು ನಿಲ್ಲಲಿಲ್ಲ. ಒಂದು ಕೂಗೂ ಹೊರಡಲಿಲ್ಲ. ನೋಡುತ್ತಿದ್ದಂತೆ ಗೋಮತಿ ನೀರಿನ ನಡುವೆ ಇದ್ದಳು, ತಲೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ದಡದ ತುಂಬ ಚೀರಾಟ. ಅಜ್ಜಿ ಎದ್ದು ನಿಂತು ಕೂಗಿದಳು: "ಹಾರು ಕಣ್ಣು! ಹಾರು! ನಿಮ್ಮ ಚಿತ್ತಪ್ಪನ ರಕ್ತ ಅಲ್ವಾ ನಿಂದು? ನಿಂತು ನೋಡ್ತೀಯಾ?" ಮೊಮ್ಮಗಳನ್ನು ಅಜ್ಜಿ ಕಣ್ಣು ಎಂದೇ ಕರೆಯುವುದು.

ತೆನ್ಮೊಳಿಯ ಒಂದು ಕಾಲು ಆಗಲೇ ಅಂಚಿನಲ್ಲಿತ್ತು. ಆ ಗಳಿಗೆಯಲ್ಲಿ ಅವಳ ಕುತ್ತಿಗೆಗೆ ಹತ್ತು ಚಿಕ್ಕ ಬೆರಳುಗಳ ನೆನಪಾಯಿತು. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದಳು.

"ಅಭಿ! ಸೀರೆ!"

"ತಗೊಂಡೆ ಅಕ್ಕಾ! ನೀವು ಓಡಿ!"

ಕಾಲುವೆ ಅಲ್ಲಿ ತೋಟವನ್ನು ಬಳಸಿ ಹರಿಯುತ್ತದೆ. ಅಡ್ಡದಾರಿಯಲ್ಲಿ ಓಡಿದರೆ ನೀರಿಗಿಂತ ಮೊದಲು ಗಾಡಿ ಸೇತುವೆ ಸೇರಬಹುದು. ತೆನ್ಮೊಳಿ ಓಡಿದಳು. ಹಿಂದೆ ಅಭಿನಯಾ, ಬಗಲಲ್ಲಿ ಎರಡು ಒದ್ದೆ ಸೀರೆ, ಕೈಯಲ್ಲಿ ಯಾರೋ ಸೋಪಿನ ನೀರಿಗೆಂದು ತಂದಿದ್ದ ಖಾಲಿ ಎಣ್ಣೆ ಕ್ಯಾನು. ತೆನ್ಮೊಳಿ ತಿರುಗಿ ನೋಡಿ ಬೆರಗಾದಳು. ಆ ಹುಡುಗಿ ಓಡುತ್ತಲೇ ಸೀರೆಗೆ ಸೀರೆ ಗಂಟು ಹಾಕುತ್ತಿದ್ದಳು. ಮಗ್ಗದಲ್ಲಿ ಕಡಿದ ಎಳೆಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂಡಿಸುವ ಬೆರಳು ಅವು. ಸೇತುವೆ ಬರುವಷ್ಟರಲ್ಲಿ ಕ್ಯಾನಿನ ಮುಚ್ಚಳ ಬಿಗಿದು, ಹಿಡಿಕೆಗೆ ಸೆರಗು ಕಟ್ಟಿ ಆಗಿತ್ತು. ಅವತ್ತು ಅವಳು ಒಂದು ಹೆಜ್ಜೆಯೂ ಹಿಂದೆ ಬೀಳಲಿಲ್ಲ.

ಎದುರಿನಿಂದ ಮೊಪೆಡ್ ಎಸೆದು ಗೋಮತಿಯ ಗಂಡ ಕೃಷ್ಣಸಾಮಿ ಓಡಿ ಬಂದ. ಅಂಗಿ ಕಿತ್ತು ನೀರಿನ ಕಡೆ ನುಗ್ಗಿದ. ತೆನ್ಮೊಳಿ ಅವನನ್ನು ಅಡ್ಡಗಟ್ಟಿ ತಬ್ಬಿ ಹಿಡಿದಳು. ಗಾಬರಿಯಲ್ಲಿ ಎರಡು ಭಾಷೆಯಲ್ಲೂ ಕೂಗಿದಳು.

"ಹಾರ್ಬೇಡಿ ಮಾಮಾ! ಕುದಿಕ್ಕಾದೀಂಗ!"

"ಬಿಡೇ! ಅವಳು ನನ್ನ ಹೆಂಡ್ತಿ!"

"ಅದಕ್ಕೇ ಹಾರ್ಬೇಡಿ. ನನ್ನ ಸೊಂಟ ಹಿಡ್ಕೊಳಿ. ಬಿಡ್ಬೇಡಿ!"

ತೆನ್ಮೊಳಿ ಸೇತುವೆ ಪಕ್ಕದ ದಡದಲ್ಲಿ ಕುಳಿತು ಹಿಮ್ಮಡಿ ಊರಿದಳು. ಕೃಷ್ಣಸಾಮಿ ಅವಳ ಸೊಂಟ ಹಿಡಿದ, ಓಡಿ ಬಂದ ಹೆಂಗಸರು ಅವನನ್ನು ಹಿಡಿದರು. ಗೋಮತಿ ನೀರಿನಲ್ಲಿ ತೇಲಿ ಬಂದಳು. ತೆನ್ಮೊಳಿ ಕ್ಯಾನು ಎಸೆದಳು. ತಪ್ಪಿತು. ಯಾರೋ "ಹೋಯ್ತು!" ಎಂದು ಕಿರುಚಿದರು.

"ಇನ್ನೊಂದ್ಸಲ ಅಕ್ಕಾ! ಅವರನ್ನ ದಾಟಿಸಿ ಎಸೀರಿ!"

ಎಳೆದು ಮತ್ತೆ ಎಸೆದಳು. ಕ್ಯಾನು ಗೋಮತಿಯ ಆಚೆ ಬಿತ್ತು, ಸೀರೆ ಅವಳ ಭುಜದ ಮೇಲೆ ಹಾಯಿತು. ನೀರೆಂದರೆ ನಡುಗುವ ಅಭಿನಯಾ ಈಗ ದಡದಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ, ಗಂಟಲು ಹರಿಯುವಂತೆ ಕೂಗುತ್ತಿದ್ದಳು. "ಗೋಮತಿ ಅಕ್ಕಾ! ನನ್ನ ನೋಡಿ! ಕ್ಯಾನು ಎದೆಗೆ ಅಪ್ಕೊಳಿ! ಹಾಂ, ಹಾಗೇ! ಬಿಡ್ಬೇಡಿ, ನಾವು ಎಳೀತೀವಿ!"

ಗೋಮತಿ ಹಿಡಿದಳು. ಮುಳುಗುವವರ ಹಿಡಿತ ಎಂಥದು ಎಂದು ತೆನ್ಮೊಳಿಗೆ ಮತ್ತೊಮ್ಮೆ ತಿಳಿಯಿತು. ಒದ್ದೆ ಸೀರೆ ಅವಳ ಅಂಗೈ ಸುಲಿಯಿತು. ಆದರೆ ಈ ಸಲ ಆ ಹಿಡಿತ ಯಾರ ಕುತ್ತಿಗೆಯ ಮೇಲೂ ಇರಲಿಲ್ಲ. ಗಂಟು ಜಾರಲಿಲ್ಲ. ಏಳು ಜನ ಒಂದೇ ಉಸಿರಿನಲ್ಲಿ ಎಳೆದರು, ಗೋಮತಿ ದಡಕ್ಕೆ ಬಂದಳು.

ಕೆಮ್ಮಿದಳು, ಕಣ್ಣು ಬಿಟ್ಟಳು. ಮುದುಕ ಅಯ್ಯಾಸಾಮಿ ಓಡಿ ಬಂದು, "ತಲೆಕೆಳಗು ಮಾಡಿ! ಹೊಟ್ಟೆ ಒತ್ತಿ ನೀರು ತೆಗೀರಿ!" ಎಂದ.

"ಬೇಡ ತಾತಾ," ಎಂದಳು ಅಭಿನಯಾ, ಕಿವಿಗೆ ಫೋನು ಹಿಡಿದೇ. "ಹಾಗೆ ಮಾಡಿದ್ರೆ ಉಸಿರೇ ಕಟ್ಟುತ್ತೆ. ಅಕ್ಕ ಉಸಿರಾಡ್ತಾ ಇದ್ದಾರೆ, ಒಂದು ಪಕ್ಕಕ್ಕೆ ಮಲಗಿಸಿ, ಒಣಬಟ್ಟೆ ಹೊದಿಸಿ. 108 ಬರ್ತಿದೆ. ಚೆನ್ನಾಗಿ ಕಂಡ್ರೂ ಡಾಕ್ಟರ್ ನೋಡ್ಲೇಬೇಕು."

ಕೃಷ್ಣಸಾಮಿ ಹೆಂಡತಿಯ ಪಾದ ಉಜ್ಜುತ್ತಾ ಮಗುವಿನಂತೆ ಅಳುತ್ತಿದ್ದ. ಆಂಬುಲೆನ್ಸ್ ಹೊರಟ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಅಷ್ಟು ಜನ ನಿಂತಿದ್ದರು, ಒಂದು ಜೀವವೂ ಹೋಗಿರಲಿಲ್ಲ. ಆ ಕಾಲುವೆಯ ದಡದಲ್ಲಿ ಅಂಥದ್ದನ್ನು ತೆನ್ಮೊಳಿ ಮೊದಲ ಸಲ ನೋಡಿದಳು.

ಅಜ್ಜಿ ಮಾತ್ರ ಎದ್ದು ಹೊರಟಳು. ಮನೆಗೆ ಬಂದು ಜಗುಲಿಯಲ್ಲಿ ಕುಳಿತುಬಿಟ್ಟಳು. ತೆನ್ಮೊಳಿ ಹೆದರುತ್ತಾ ಹತ್ತಿರ ಹೋದಳು.

"ಕೋಪನಾ ಅಜ್ಜಿ? ನಾನು ಹಾರ್ಲಿಲ್ಲ ಅಂತ?"

ಅಜ್ಜಿ ಅವಳ ಸುಲಿದ ಅಂಗೈಗೆ ತೆಂಗಿನೆಣ್ಣೆ ಹಚ್ಚತೊಡಗಿದಳು. ಮುಖ ಎತ್ತಲಿಲ್ಲ.

"ಅವತ್ತು ನಾನೂ ಅಲ್ಲೇ ಇದ್ದೆ ಕಣ್ಣು. ನಿಮ್ಮ ಚಿತ್ತಪ್ಪ ದಡದಾಗೆ ನಿಂತು ನನ್ನ ಮುಖ ನೋಡ್ದ. ಏನ್ಮಾಡ್ಲಿ ಅವ್ವಾ ಅಂದ. ಹಾರು ಮಗಾ ಅಂದೋಳು ನಾನು."

ಹನ್ನೆರಡು ವರ್ಷ ಈ ಮುದುಕಿ ಈ ಮಾತನ್ನು ಎಲ್ಲಿ ಇಟ್ಟುಕೊಂಡಿದ್ದಳು! ಪಟಕ್ಕೆ ಇಟ್ಟ ಅಷ್ಟು ಹೂವಿನ ಕೆಳಗೆ ಇದು ಇತ್ತೇ!

"ಅವತ್ತೂ ದಡದಾಗೆ ಸೀರೆ ಇತ್ತು," ಎಂದಳು ಅಜ್ಜಿ. "ನಾನು ಉಟ್ಟಿದ್ದೆ."

ಅಭಿನಯಾ ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು. ಅಜ್ಜಿ ಆ ಚಿಕ್ಕ ಬೆರಳುಗಳನ್ನು ಸವರಿ ಕೇಳಿದಳು: "ಆ ಗಂಟು ಹೇಗೆ ಹಾಕ್ದೆ ಮಾ? ನಂಗೂ ಕಲಿಸು. ನಂಗೊಬ್ಬಳಿಗೇ ಅಲ್ಲ, ಶುಕ್ರವಾರ ನಮ್ಮ ಸಂಘದ ಹೆಂಗಸ್ರೆಲ್ಲ ಸೇರ್ತಾರೆ. ಅವರಿಗೂ ಹೇಳ್ತೀನಿ, ನನ್ನ ಮಗನ ಕಥೆ ಪೂರ್ತಿ ಹೇಳ್ತೀನಿ."

ಹೇಳಿದಳು. ಅಳುತ್ತಲೇ ಹೇಳಿದಳು, ಕೇಳಿದವರೂ ಅತ್ತರು. ಈಗ ಆ ಒಗೆಯುವ ಕಟ್ಟೆಯ ಬಳಿ ಬೇವಿನ ಮರಕ್ಕೆ ಉದ್ದನೆಯ ಹಗ್ಗವೂ ಮುಚ್ಚಳವಿರುವ ಎರಡು ಖಾಲಿ ಕ್ಯಾನೂ ಸದಾ ನೇತಾಡುತ್ತವೆ. ಅದನ್ನು ಯಾರಾದರೂ ಮನೆಗೆ ಒಯ್ದರೋ, ಪಳನಿಯಮ್ಮಾಳ್ ಬಾಯಿಗೆ ಸಿಕ್ಕಿದಂತೆಯೇ!

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಕಾಲುವೆ ಇದೆ, ಬಾವಿ ಇದೆ, ಕೆರೆ ಇದೆ. ನಾಳೆಯೇ ಅಲ್ಲಿ ಒಂದು ಹಗ್ಗ, ಒಂದು ಖಾಲಿ ಕ್ಯಾನು, ಒಂದು ಗಳು ಇಡಿ. ಯಾರಾದರೂ ಬಿದ್ದರೆ ಕೂಗಿ, ಚಾಚಿ, ಎಸೆಯಿರಿ. ಒಬ್ಬರು 112ಕ್ಕೋ 108ಕ್ಕೋ ಫೋನು ಮಾಡಿ. ನೀರಿನಿಂದ ಮೇಲೆ ಬಂದವರು ಉಸಿರಾಡದಿದ್ದರೆ ತಡಮಾಡದೆ ಫೋನಿನಲ್ಲಿ ಆಂಬುಲೆನ್ಸ್‌ನವರು ಹೇಳಿಕೊಟ್ಟಂತೆ ಮಾಡಿ. ಗಂಡು ಮಕ್ಕಳಿಗೆ ಮಾತ್ರವಲ್ಲ, ಹೆಣ್ಣು ಮಕ್ಕಳಿಗೂ ಈಜು ಕಲಿಸಿ. ಓದು ಬಲ್ಲವರು ಇದನ್ನು ಓದು ಬಾರದವರಿಗೆ ಓದಿ ಹೇಳಿ, ತಮಿಳಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ.

ದಡದಲ್ಲಿ ನಿಂತ ನಿಮ್ಮ ಮಗ ಒಂದು ದಿನ ನಿಮ್ಮ ಮುಖ ನೋಡಿ, ಏನು ಮಾಡಲಿ ಅವ್ವಾ ಎಂದು ಕೇಳಿಯಾನು. ಅವನಿಗೆ ಕೊಡುವ ಉತ್ತರವನ್ನು ಇವತ್ತೇ ಕಲಿತಿಟ್ಟುಕೊಳ್ಳಿ.