ಕಡಲಲ್ಲಿ ಬಿಟ್ಟುಬಂದ ಬಲೆ

ಬಲೆ ಕಳೆದುಹೋದರೆ ಆ ಬಂದರಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಗಡ್ಡದವನು ಕದ್ದ."

ಕಡಲು ಉಳಿಸುತ್ತೇನೆಂದು ಬೋಟುಗಳಿಗೆ ಅಡ್ಡ ನಿಂತು ಎರಡು ಸಲ ಜೈಲಿಗೆ ಹೋಗಿಬಂದವನು ಅವನು. ಅವನ ಬಗ್ಗೆ ಹೋದ ವರ್ಷ ಇದೇ ಕಡಲಲ್ಲಿ ತೆಗೆದ ಸಾಕ್ಷ್ಯಚಿತ್ರವನ್ನು ಮೀನುಗಾರರ ಸಂಘದವರು ಬಲೆ ಶೆಡ್ಡಿನಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದರು.

"ಕಳ್ಳನ ಮುಖ ನೋಡೋಕೆ ಬೆಂಚು ಬೇರೆ!" ಎಂದ ಬೋಟಿನ ಯಜಮಾನ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಅವನ ಬಲೆಗಳ ಹರಕು ಕಟ್ಟುವವಳು ಅವಳೇ.

"ಅವನು ಮಾಡಿದ್ದೆಲ್ಲ ಸರಿ ಅಂತ ನಾನೂ ಹೇಳಲ್ಲಣ್ಣ," ಎಂದಳು ಸಂಘದ ಕಾರ್ಯದರ್ಶಿ. "ನೀರೊಳಗೆ ಏನು ಕಂಡ ಅಂತ ನಾವೂ ನೋಡೋಣ."

ಪರದೆಯ ಮೇಲೆ ಗಡ್ಡದವನು ಬಂಡೆಗೆ ಸುತ್ತಿಕೊಂಡಿದ್ದ ಹಸಿರು ಬಲೆಯನ್ನು ಬಿಡಿಸುತ್ತಿದ್ದ. ಒಳಗೆ ಆಮೆಯ ಚಿಪ್ಪು, ಮೀನಿನ ಮುಳ್ಳು, ಇನ್ನೂ ಬಾಲ ಬಡಿಯುತ್ತಿದ್ದ ಎರಡು ಮೀನು. ಅಂಚಿನಲ್ಲಿ ಗೇಣುದ್ದ ಕೆಂಪು ದಾರ. ಹಸಿರು ದಾರ ಮುಗಿದ ದಿನ ಯಜಮಾನನ ಹೆಂಡತಿಯೇ ಎಡಗೈಯಲ್ಲಿ ಹಾಕಿದ ಗಂಟುಗಳು.

"ರೀ, ಅದು ನಮ್ಮದು! ಕದ್ದವನು ಬಂಡೆಗೆ ಸುತ್ತಿಟ್ಟು ಮತ್ತೆ ಬಿಡಿಸ್ತಾನಾ?"

ಗಂಡ ಕೆಮ್ಮಿದ. "ಸಿಕ್ಕಿಹಾಕ್ಕೊಂಡಿತ್ತು ಕಣೇ. ಕತ್ತರಿಸಿ ಬಂದೆ. ಜಾಗ ಹೇಳಿದ್ರೆ ಎಲ್ಲರೂ ಅಲ್ಲಿಗೇ ಮೀನಿಗೆ ನುಗ್ತಾರೆ ಅಂತ..."

"ಹಾಗಾದ್ರೆ ಹೋದ ವಾರ ಕಳೆದುಹೋಯ್ತು ಅಂದ ಬಲೆ?"

"ಅದನ್ನೂ ಹಾಗೇ ಕತ್ತರಿಸಿ ಬಿಟ್ಟುಬಂದೆ," ಎಂದ ಅವನು.

"ನೈಲಾನ್ ಕೊಳೆಯಲ್ಲಣ್ಣ," ಎಂದಳು ಕಾರ್ಯದರ್ಶಿ. "ವರ್ಷಗಟ್ಟಲೆ ಯಾರಿಗೂ ಸಿಗದ ಮೀನು ಹಿಡೀತಾನೇ ಇರುತ್ತೆ. ಬೋಟಿನಡಿ ತಿರುಗೋ ಫ್ಯಾನಿಗೆ ಸುತ್ತಿಕೊಂಡ್ರೆ ನಡುನೀರಲ್ಲಿ ಎಂಜಿನ್ ನಿಂತೇಹೋಗುತ್ತೆ."

ಹೆಂಡತಿ ಗಂಡನ ಕಡೆ ತಿರುಗಿದಳು. "ಹೋದ ವಾರ ನೀವು ಹೋದ ಕಡೆಗೇ ನಾಳೆ ನನ್ನ ತಮ್ಮ ಹೊರಟಿದ್ದಾನೆ. ನಿಮಗೆ ಮೀನು ದೊಡ್ಡದೋ, ಭಾವಮೈದುನ ದೊಡ್ಡವನೋ?"

"ಅವನು ಉಣ್ಣೋದು ನೋಡಿದ್ರೆ ಅವನೇ..." ಎಂದು ನಗಲು ಹೊರಟವನು ಹೆಂಡತಿಯ ಮುಖ ಕಂಡು ನಿಲ್ಲಿಸಿದ. ಆ ಬಲೆ ಬಿಟ್ಟ ಜಾಗ, ಆಳ ಎರಡನ್ನೂ ಹೇಳಿದ. ಕಾರ್ಯದರ್ಶಿ ನಿಂತ ಕಾಲಲ್ಲೇ ಎಲ್ಲ ಬೋಟಿನವರಿಗೂ ಫೋನು ಮಾಡಿದಳು.

ಮರುದಿನ ತಮ್ಮ ಬೇರೆ ದಾರಿ ಹಿಡಿದು ಹೋಗಿಬಂದ. ಅವನು ದಡಕ್ಕೆ ಕಾಲಿಡುವವರೆಗೂ ಅಕ್ಕ ಕಡಲಿನಿಂದ ಕಣ್ಣು ತೆಗೆಯಲಿಲ್ಲ. ಮೂರನೆಯ ದಿನ ಸಂಘದವರು ಆ ಬಲೆಯನ್ನು ಎತ್ತಿ ತಂದರು.

"ಭಾವ, ಇದರ ಮೇಲೇ ಹೋಗ್ತಿದ್ದೆ ನಾನು," ಎಂದ ತಮ್ಮ.

ಯಜಮಾನ ಅವನ ಭುಜ ಹಿಡಿದುಕೊಂಡ, ತುಂಬ ಹೊತ್ತು ಬಿಡಲಿಲ್ಲ. ಆಮೇಲೆ ಕಾರ್ಯದರ್ಶಿಯನ್ನು ಕೇಳಿದ: "ಆ ಗಡ್ಡದವನ ನಂಬರ್ ಇದೆಯಾ? ಜಗಳಕ್ಕಲ್ಲಮ್ಮ. ಆ ಚಿತ್ರ ನೋಡದೇ ಇದ್ದಿದ್ರೆ ನಾನು ಬಾಯಿ ಬಿಡ್ತಿರಲಿಲ್ಲ. ಅವನಿಗೊಂದು ಥ್ಯಾಂಕ್ಸ್ ಹೇಳ್ಬೇಕು. ಕಳ್ಳ ಅಂದಿದ್ದಕ್ಕೆ ತಪ್ಪಾಯ್ತು ಅಂತಾನೂ."

"ಆಮೇಲೆ ನನಗೆ ಕೊಡಿ," ಎಂದಳು ಹೆಂಡತಿ. "ನನ್ನದೂ ಒಂದು ಥ್ಯಾಂಕ್ಸ್ ಇದೆ."

ಅಕ್ಕಂದಿರೇ, ಅಣ್ಣಂದಿರೇ, ಬಲೆ ಸಿಕ್ಕಿಕೊಳ್ಳುವುದು ಯಾರ ಮರ್ಯಾದೆಗೂ ಕುಂದಲ್ಲ. ಬಿಟ್ಟುಬಂದ ಜಾಗವನ್ನು ಮುಚ್ಚಿಡಬೇಡಿ, ಅದೇ ದಿನ ಸಂಘಕ್ಕೆ ತಿಳಿಸಿ. ಹರಿದ ತುಂಡುಗಳನ್ನು ಕಡಲಿಗೆಸೆಯದೆ ದಡಕ್ಕೆ ತನ್ನಿ. ನಿಮ್ಮ ಹಿಂದೆ ಬರುವ ಬೋಟಿನಲ್ಲಿ ಯಾರದೋ ತಮ್ಮ ಇದ್ದಾನೆ.