ಬಿಸಿಲು ತಿಂದ ಶೂ

ಹೊಳೆನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ನಮ್ಮ ಸ್ಪೋರ್ಟ್ಸ್ ಶೂ ಅಂಗಡಿಯಲ್ಲೇ ನಾನು ಬೆಳೆದದ್ದು. ಮಗ್ಗಿ ಕಲಿತದ್ದು ಶೂ ಡಬ್ಬದ ಮೇಲೆ ಕೂತು, ನಿದ್ದೆ ಮಾಡಿದ್ದು ಡಬ್ಬಗಳ ಸಂದಿಯಲ್ಲಿ. ಹಾಗಾಗಿ ಈ ವ್ಯಾಪಾರದಲ್ಲಿ ನನಗೆಲ್ಲ ಗೊತ್ತು ಎಂಬ ಕೊಬ್ಬು ಇತ್ತು.

ಗಾಜಿನ ಶೋಕೇಸಿನಲ್ಲಿ ಪ್ರತಿ ಜೊತೆಯ ಎಡಗಾಲಿನದನ್ನು ಮಾತ್ರ ಇಡುತ್ತೇವೆ. ಬಲಗಾಲಿನದು ಡಬ್ಬದಲ್ಲಿರುತ್ತದೆ. "ಬಿಸ್ಲು ಬಿದ್ದು ಬಿದ್ದು ಒಳಗೇ ಒಣಗೋಗಿರ್ತದೆ ಕಣವ್ವ, ಅಂಟು ಬುಟ್ಕತದೆ. ಶೋಕೇಸಿಂದು ನಡೆಯೋರ್ಗೆ ಕೊಡು, ಓಡೋರ್ಗೆ ಕೊಡ್ಬ್ಯಾಡ" ಎನ್ನುತ್ತಿದ್ದರು ಅಪ್ಪ ದೇವರಾಜು. ಶುರುವಾಯಿತು ಪುರಾಣ ಎಂದು ನಾನು ನಗುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ಮಲ್ಲಿಪಟ್ಟಣದಿಂದ ಕವನಾ ಎಂಬ ಹುಡುಗಿ ಬಂದಳು. ಮಾರನೇ ದಿನ ಹಾಸನದಲ್ಲಿ ಪೊಲೀಸ್ ಕೆಲಸಕ್ಕೆ ಓಟದ ಪರೀಕ್ಷೆ. ವಯಸ್ಸು ಮೀರುತ್ತಿದೆ, ಇದೇ ಕೊನೆಯ ಸಲ ಎಂದಳು. ಅವಳ ಅಳತೆಗೆ ಉಳಿದಿದ್ದದ್ದು ಒಂದೇ ಜೊತೆ. ಅದರ ಎಡಗಾಲಿನದು ಎರಡು ಬೇಸಿಗೆಯಿಂದ ಶೋಕೇಸಿನಲ್ಲಿತ್ತು. ಅಪ್ಪ ಊಟಕ್ಕೆ ಹೋಗಿದ್ದರು. ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಲು ಮನಸ್ಸಾಗದೆ ಧೂಳು ಒರೆಸಿ, "ನಿಂಗೇ ಅಂತ ಕಾಯ್ಕಂಡ್ ಕೂತಿತ್ತು ನೋಡು" ಎಂದು ಕೊಟ್ಟುಬಿಟ್ಟೆ.

ನಾಲ್ಕನೇ ದಿನ ಅವಳು ಮತ್ತೆ ಬಂದಳು, ಕುಂಟುತ್ತ. ಕವರಿನಲ್ಲಿ ಎಡಗಾಲಿನ ಶೂ ಇತ್ತು. ಅಟ್ಟೆ ಹಿಮ್ಮಡಿಯವರೆಗೂ ಬಾಯಿಬಿಟ್ಟಿತ್ತು.

"ಅರ್ಧದಲ್ಲೇ ಬಿದ್ಬುಟ್ಟೆ ಅಕ್ಕ. ನಾನೇ ಕಾಲು ಸರ್ಯಾಗಿ ಎತ್ತಿ ಇಕ್ಕಲಿಲ್ಲ. ಒಸಾ ಶೂನ ಆಳ್ ಮಾಡ್ಕಬಂದೆ ಅಂತ ಅವ್ವ ಬಯ್ತು. ಅಂಟಿಸ್ಕೊಡ್ತೀರಾ?"

ತಪ್ಪು ನನ್ನದು ಎನ್ನದೆ ಶೂವನ್ನು ಗಲ್ಲಾದಲ್ಲಿದ್ದ ಅಪ್ಪನ ಕೈಗೆ ದಾಟಿಸಿದೆ. ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಪ್ಪ ಶೂ ತಿರುಗಿಸಿ, ಬಿಸಿಲಿಗೆ ಬಿಳಿಚಿದ ಪಕ್ಕೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬಯ್ಯಲಿಲ್ಲ, ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಿಂದಲ್ಲ ಕಣವ್ವ ತಪ್ಪು, ನಮ್ದು. ಇದು ಓಡೋ ಶೂ ಅಲ್ಲ, ಒಣಗೋಗಿತ್ತು" ಎಂದರು.

ಕವನಾ ನನ್ನ ಕಡೆ ತಿರುಗಿದಳು. "ನಿಮ್ಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು" ಎಂದೆ.

ಅಪ್ಪ ಹಿಂದಿನ ದಿನವಷ್ಟೇ ಬಂದ ಮಾಲಿನಿಂದ ಅವಳ ಅಳತೆಯ ಒಳ್ಳೆಯ ಹೊಸ ಜೊತೆ ತಂದು ಅವಳ ಮುಂದಿಟ್ಟರು. ಅವಳು ಅದನ್ನು ಮುಟ್ಟಲೂ ಇಲ್ಲ.

"ಬ್ಯಾಡ ಸಾ. ಇನ್ನೆಲ್ಲಿಗೆ ಓಡ್ಲಿ? ಇದ್ನೇ ಅಂಟ್ಸಿ, ನಡಿಯಕ್ಕಾಯ್ತದೆ."